ಅಪ್ಪನ ಸ್ಕ್ರೂಡ್ರೈವರ್ ಅಪ್ಪನ ಕೈಗೇ ಕೊಡಿ

ಪ್ರಶ್ನೆ: ನಮ್ಮ ಅಪ್ಪನಿಗೆ 71 ವರ್ಷ. ಅಲ್ಜೈಮರ್‌ನಿಂದ ಬಂದ ಡಿಮೆನ್ಷಿಯಾ, ಇನ್ನೂ ಆರಂಭದ ಹಂತ ಎಂದು ಏಳು ತಿಂಗಳ ಹಿಂದೆ ನರರೋಗ ತಜ್ಞರು ಹೇಳಿದರು. ಸ್ನಾನ, ಊಟ, ಬಟ್ಟೆಬರೆ ಎಲ್ಲ ತಾವೇ ನೋಡಿಕೊಳ್ಳುತ್ತಾರೆ. ಆದರೆ ಬಿಡುವು ಸಿಕ್ಕಿದರೆ ಹಳೇ ರೇಡಿಯೊ ಬಿಚ್ಚಿಕೊಂಡು ಕೂರುತ್ತಿದ್ದವರು, ವಾರಕ್ಕೆರಡು ಸಂಜೆ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದವರು ಈಗ ಇಡೀ ದಿನ ಟೀವಿ ಮುಂದೆ ಇರುತ್ತಾರೆ. “ಏನಾದರೂ ಮಾಡಿ ಅಪ್ಪಾ” ಎಂದರೆ “ಆಮೇಲೆ” ಅನ್ನುತ್ತಾರೆ. ಶಾಕ್ ಹೊಡೆದೀತೆಂದು ಅವರ ಉಪಕರಣಗಳ ಪೆಟ್ಟಿಗೆಯನ್ನು ನಾವೇ ಎತ್ತಿಟ್ಟಿದ್ದೇವೆ. ಗೆಳೆಯರಿಗೆ ವಿಷಯ ತಿಳಿಸಿಲ್ಲ. ಮೆದುಳಿಗೆ ಕಸರತ್ತು ಕೊಡುವ ಆ್ಯಪ್ ಹಾಕಿಕೊಟ್ಟೆವು, ಎರಡು ದಿನ ನೋಡಿ ಬಿಟ್ಟರು. ಅವರು ಚಟುವಟಿಕೆಯಿಂದ, ನಾಲ್ಕು ಜನರ ಜೊತೆ ಇರುವಂತೆ ಮಾಡುವುದು ಹೇಗೆ? ಒತ್ತಾಯ ಮಾಡಬಹುದೇ?

ಉತ್ತರ: ನಿಮ್ಮ ತಂದೆಯವರ ಆ “ಆಮೇಲೆ” ಇದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಎಷ್ಟೋ ಮನೆಗಳಲ್ಲಿ ಜಗಳ ಹತ್ತಿಕೊಳ್ಳುವುದೇ ಆ ಒಂದು ಮಾತಿಗೆ. ಮನೆಯವರ ಕಿವಿಗೆ ಅದು ಸೋಮಾರಿತನದಂತೆಯೋ ಹಟದಂತೆಯೋ ಕೇಳಿಸುತ್ತದೆ. ಡಿಮೆನ್ಷಿಯಾ ಎಂದರೆ ಮರೆವು ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಬಹಳಷ್ಟು ಜನರಲ್ಲಿ, ಅದೂ ಆರಂಭದಲ್ಲೇ, ಮರೆವಿನ ಜೊತೆಗೆ ಇನ್ನೊಂದು ಶಕ್ತಿಯೂ ಕುಂದುತ್ತದೆ: ಒಂದು ಕೆಲಸವನ್ನು ತಾನಾಗಿ ಶುರು ಮಾಡುವ ಶಕ್ತಿ. ಮೆದುಳಿನ ಮುಂಭಾಗಕ್ಕೂ ಅದರೊಡನೆ ಹೆಣೆದುಕೊಂಡ ಒಳಭಾಗಗಳಿಗೂ ನಡುವಿನ ಸಂಪರ್ಕ ಸಡಿಲವಾದಾಗ ಹೀಗಾಗುತ್ತದೆ. ನಾವು ವೈದ್ಯಕೀಯದವರು ಇದಕ್ಕೆ ಅಪಥಿ ಎನ್ನುತ್ತೇವೆ. ಕನ್ನಡದಲ್ಲಿ ನಿರಾಸಕ್ತಿ ಎಂದು ಬರೆಯುವುದುಂಟು, ಆದರೆ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಆಸಕ್ತಿ ಎಷ್ಟೋ ವೇಳೆ ಒಳಗೆ ಇದ್ದೇ ಇರುತ್ತದೆ. ಕುರ್ಚಿಯಿಂದ ಏಳಬೇಕು, ಪೆಟ್ಟಿಗೆ ಹುಡುಕಬೇಕು, ಮೇಜು ಖಾಲಿ ಮಾಡಬೇಕು, ಯಾವುದನ್ನು ಮೊದಲು ಬಿಚ್ಚುವುದೆಂದು ತೀರ್ಮಾನಿಸಬೇಕು. ಈ ನಾಲ್ಕು ಮೆಟ್ಟಿಲು ಹತ್ತಲಾಗದೆ ಅವರು ಕೆಳಗೇ ನಿಂತಿರುತ್ತಾರೆ.

ಅಂಥವರಿಗೆ “ಏನಾದರೂ ಮಾಡಿ” ಅನ್ನುವುದಕ್ಕಿಂತ ಕಷ್ಟದ ಮಾತಿಲ್ಲ. ಆ “ಏನಾದರೂ” ಏನೆಂದು ಹುಡುಕುವ ಕೆಲಸವೇ ಅವರ ಕೈಲಾಗದ್ದು. “ಆಮೇಲೆ” ಎಂದುಬಿಟ್ಟರೆ ಮರ್ಯಾದೆಯೂ ಉಳಿಯುತ್ತದೆ, ಎದುರಿಗಿದ್ದವರು ಹೊರಟೂ ಹೋಗುತ್ತಾರೆ.

ಒಂದು ಘಟನೆ ಹೇಳುತ್ತೇನೆ. ಹೊಲಿಗೆಯಲ್ಲಿ ಪಳಗಿದ ಕೈಯ ಒಬ್ಬ ಹಿರಿಯ ಮಹಿಳೆ ನನ್ನ ಬಳಿ ಬರುತ್ತಿದ್ದರು. “ಸೂಜಿ ಮುಟ್ಟಿ ಆರು ತಿಂಗಳಾಯಿತು, ಈಗ ಅವಳಿಗೆ ಅದೆಲ್ಲ ಬರುವುದಿಲ್ಲ” ಎಂದರು ಅವರ ಪತಿ. ಅವರ ಅಂಗಿಯ ತೋಳಿನ ಗುಂಡಿಯೊಂದು ದಾರ ಸಡಿಲಾಗಿ ಜೋಲುತ್ತಿತ್ತು. ನಾನು ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ ಆಕೆಯ ಬೆರಳುಗಳ ನಡುವೆ ಇಟ್ಟೆ. ಪತಿಯ ತೋಳನ್ನು ಮೇಜಿನ ಮೇಲೆ ಚಾಚಲು ಹೇಳಿದೆ. ಬೇರೇನೂ ಮಾತಾಡಲಿಲ್ಲ. ಆಕೆ ಸೂಜಿಯನ್ನೇ ಒಂದು ಗಳಿಗೆ ನೋಡಿದರು, ಆಮೇಲೆ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೆಳಗಿನಿಂದ ಚುಚ್ಚಿದರು. ನಾಲ್ಕು ಸಲ ಮೇಲೆ ಕೆಳಗೆ ಎಳೆದು, ಗುಂಡಿಯ ಬುಡಕ್ಕೆ ದಾರ ಮೂರು ಸುತ್ತು ಸುತ್ತಿ, ಗಂಟು ಹಾಕಿ, ತಲೆ ಬಗ್ಗಿಸಿ ಹಲ್ಲಿನಿಂದ ದಾರ ಕಡಿದರು. ಕತ್ತರಿ ಮೇಜಿನ ಮೇಲೇ ಇತ್ತು! ನಲವತ್ತು ವರ್ಷದ ಅಭ್ಯಾಸ, ಕತ್ತರಿಗೆ ಕಾಯಲಿಲ್ಲ. ಆಕೆಗೆ ಹೊಲಿಯುವುದು ಮರೆತಿರಲಿಲ್ಲ. ಸೂಜಿ ಎಲ್ಲಿದೆ, ದಾರ ಪೋಣಿಸುವುದು, ಎಲ್ಲಿಂದ ಆರಂಭಿಸುವುದು ಎಂಬಲ್ಲಿಗೆ ಎಲ್ಲ ನಿಂತುಹೋಗಿತ್ತು.

ಇದರ ಹಿಂದಿನ ವಿಜ್ಞಾನ ಹೊಸದೇನಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆರೋಗ ಹತೋಟಿಗೆ ತರಲು ಶಸ್ತ್ರಚಿಕಿತ್ಸೆ ಮಾಡಿದಾಗ, ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ, ಅಂದರೆ ಹೊಸ ನೆನಪುಗಳನ್ನು ಕಟ್ಟುವ ಭಾಗದ, ದೊಡ್ಡ ಪಾಲನ್ನು ತೆಗೆದರು. ಅಲ್ಲಿಂದಾಚೆಗೆ ಅವನಿಗೆ ಹೊಸದಾಗಿ ನಡೆದ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡಿಕೊಂಡು ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆ ಕೆಲಸ ಮಾಡಿದ ನೆನಪು ಮಾತ್ರ ಅವನಿಗೆ ಇರಲೇ ಇಲ್ಲ. ಕೈಗೆ ರೂಢಿಯಾದ ಕೌಶಲವನ್ನು ಮೆದುಳು ಬೇರೆಯೇ ಜಾಗದಲ್ಲಿ ಕಾಪಿಡುತ್ತದೆ ಎಂಬುದು ಹೀಗೆ ಬೆಳಕಿಗೆ ಬಂತು. ಮೊಲೈಸನ್‌ಗೆ ಇದ್ದದ್ದು ಡಿಮೆನ್ಷಿಯಾ ಅಲ್ಲ. ಆದರೆ ಅಲ್ಜೈಮರ್ ಮೊದಮೊದಲು ಕೈ ಹಾಕುವುದು ಇದೇ ಹಿಪೊಕ್ಯಾಂಪಸ್ ಸುತ್ತಮುತ್ತ. ಹಾಗಾಗಿಯೇ ಬೆಳಿಗ್ಗೆ ಯಾರು ಬಂದಿದ್ದರೆಂದು ನೆನಪಿಲ್ಲದ ನಿಮ್ಮ ತಂದೆಗೆ ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯುತ್ತದೆ ಎಂಬುದು ಬೆರಳತುದಿಯಲ್ಲೇ ಇರುತ್ತದೆ.

ಈಗ ಆ ಪೆಟ್ಟಿಗೆಯ ವಿಷಯ. ಎತ್ತಿಟ್ಟದ್ದು ತಪ್ಪು ಎಂದು ನಿಮ್ಮನ್ನು ದೂರಲಾರೆ. ನಿಮ್ಮ ಭಯಕ್ಕೆ ಕಾರಣವಿದೆ. ಹಳೇ ವಾಲ್ವ್ ರೇಡಿಯೊಗಳ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಉಳಿದಿರುತ್ತದೆ, ಅದು ಚೆನ್ನಾಗಿಯೇ ಹೊಡೆಯುತ್ತದೆ. ಆದರೆ ಅಪಾಯ ಇರುವುದು ಎರಡು ಮೂರು ವಸ್ತುಗಳಲ್ಲಿ, ನೀವು ಎತ್ತಿಟ್ಟದ್ದು ಇಡೀ ಕಸುಬನ್ನು. ಮನೆಗೆ ಕರೆಂಟಿನಲ್ಲಿ ಓಡುವ ಸೆಟ್ಟುಗಳು ಬೇಡ, ಸೆಲ್ಲಿನಲ್ಲಿ ಓಡುವ ಚಿಕ್ಕ ರೇಡಿಯೊಗಳು ಇರಲಿ. ಸೋಲ್ಡರಿಂಗ್ ಐರನ್ ನಿಮ್ಮ ಬಳಿ ಇರಲಿ, ಬೇಕಾದಾಗ ನೀವು ಪಕ್ಕದಲ್ಲಿ ಕೂತು ಕೊಡಿ. ಸ್ಕ್ರೂಡ್ರೈವರ್, ಇಕ್ಕಳ, ಬ್ರಷ್ಷು, ಬೆಳಕು ಚೆನ್ನಾಗಿರುವ ಒಂದು ಮೇಜು ಅವರದಾಗಿರಲಿ. ಮೇಜಿನ ಮೇಲೆ ಒಂದೇ ರೇಡಿಯೊ, ಮುಚ್ಚಳದ ಒಂದು ಸ್ಕ್ರೂ ಆಗಲೇ ಅರ್ಧ ಸಡಿಲವಾಗಿರಲಿ. ಸೂಜಿಗೆ ದಾರ ಪೋಣಿಸಿ ಕೊಡುವುದೆಂದರೆ ಇದೇ. ಬಿಚ್ಚಿದ ಸ್ಕ್ರೂಗಳಿಗೆ ಖಾನೆಗಳಿರುವ ಡಬ್ಬಿ ಕೊಡಿ. ಅವರು ನಡುವೆ ಎದ್ದು ಹೋಗುವಾಗ “ಮುಂದೆ: ಸ್ಪೀಕರ್ ತಂತಿ” ಎಂಬಂಥ ಒಂದು ಚೀಟಿಯನ್ನು, ಆದಷ್ಟೂ ಅವರ ಕೈಯಿಂದಲೇ ಬರೆಸಿ, ಅಲ್ಲಿ ಇಡಿಸಿ. ವಾಪಸ್ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆ ಎಂಬ ಗಾಬರಿ ಇರುವುದಿಲ್ಲ.

ಒಂದು ಎಚ್ಚರಿಕೆ. ಹೊತ್ತು ಕಳೆಯಲೆಂದು ಸ್ಕ್ರೂಗಳನ್ನು ಬೆರೆಸಿ ಕೊಟ್ಟು ಬೇರ್ಪಡಿಸಲು ಹೇಳುವುದು, ಅವರು ಮಲಗಿದ ಮೇಲೆ ಮತ್ತೆ ಬೆರೆಸಿಡುವುದು, ಇಂಥದ್ದನ್ನು ಯಾರಾದರೂ ನಿಮಗೆ ಹೇಳಿಕೊಟ್ಟರೆ ಮಾಡಬೇಡಿ. ಆರಂಭದ ಹಂತದಲ್ಲಿರುವವರಿಗೆ ಆಟಕ್ಕೂ ಕೆಲಸಕ್ಕೂ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ತನ್ನನ್ನು ಮಗುವಿನಂತೆ ನೋಡುತ್ತಿದ್ದಾರೆ ಎಂದು ಒಮ್ಮೆ ಅನ್ನಿಸಿದರೆ ಆ ಮೇಜಿನ ಹತ್ತಿರ ಮತ್ತೆ ಸುಳಿಯುವುದಿಲ್ಲ. ಮನೆಗೆ ನಿಜಕ್ಕೂ ಬೇಕಾದ ಕೆಲಸ ಇದ್ದೇ ಇರುತ್ತದೆ: ಬಾಗಿಲ ಚಿಲಕ ಸಡಿಲವಾಗಿರುತ್ತದೆ, ಟಾರ್ಚಿಗೆ ಸೆಲ್ಲು ಹಾಕಬೇಕಿರುತ್ತದೆ, ಒಗೆದ ಬಟ್ಟೆ ಮಡಚಬೇಕಿರುತ್ತದೆ, ಗಿಡಕ್ಕೆ ನೀರು ಹಾಕಬೇಕಿರುತ್ತದೆ. ಕೇಳುವಾಗಲೂ “ನಿಮಗೆ ಹೊತ್ತು ಹೋಗಲಿ ಅಂತ” ಎನ್ನದೆ “ಅಪ್ಪಾ, ಈ ಚಿಲಕ ಸ್ವಲ್ಪ ಹಿಡ್ಕೊಳ್ತೀರಾ, ನನಗೆ ಆಗ್ತಿಲ್ಲ” ಎಂದು ಕೇಳಿ ನೋಡಿ. ಮಾಡಿದ್ದು ಸ್ವಲ್ಪ ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಅವರ ಕಣ್ಣೆದುರೇ ನೀವು ಮತ್ತೆ ಸರಿಪಡಿಸಲು ಹೋದರೆ ಅದುವರೆಗಿನದೆಲ್ಲ ನೀರಿನಲ್ಲಿ ಹೋಮ.

ಆ್ಯಪ್ ಬಿಟ್ಟದ್ದಕ್ಕೆ ಚಿಂತೆ ಬೇಡ. ಅಂಥ ಆಟ ಆಡುತ್ತಾ ಹೋದರೆ ಅದೇ ಆಟದಲ್ಲಿ ಕೈ ಪಳಗುತ್ತದೆ. ಆ ಪಳಗಿದ್ದು ದಿನನಿತ್ಯದ ಬದುಕಿಗೆ ದಾಟಿ ಬರುವುದು ಅಷ್ಟಕ್ಕಷ್ಟೇ. ಮೇಲಾಗಿ ಪ್ರತಿ ತಪ್ಪಿಗೂ ಕೆಂಪು ಗುರುತು ತೋರಿಸುವ ಯಂತ್ರ, ದಿನವಿಡೀ ತನ್ನ ತಪ್ಪುಗಳನ್ನೇ ಎಣಿಸಿಕೊಳ್ಳುತ್ತಿರುವವರಿಗೆ ಯಾಕೆ ಬೇಕು? ಅವರಿಗೆ ಇಷ್ಟವಿದ್ದರೆ ಆಡಲಿ, ಇಲ್ಲದಿದ್ದರೆ ತೆಗೆದುಹಾಕಿ.

ಇದೇ ಮಾತಿಗೆ, ನಾನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡಬೇಕು. ಈ ಕೆಲಸಕ್ಕೆ ಹೊಸದಾಗಿ ಬಂದಾಗ ಒಂದು ಕುಟುಂಬಕ್ಕೆ ಬಹಳ ಹುರುಪಿನಿಂದ ವೇಳಾಪಟ್ಟಿ ಬರೆದುಕೊಟ್ಟಿದ್ದೆ. ಎಂಟಕ್ಕೆ ನಡಿಗೆ, ಒಂಬತ್ತಕ್ಕೆ ಪತ್ರಿಕೆ, ಹತ್ತಕ್ಕೆ ಪದಬಂಧ, ಹೀಗೆ ಮಲಗುವ ತನಕ ಒಂದು ಗಂಟೆಯೂ ಖಾಲಿ ಇರಲಿಲ್ಲ. ಹದಿನೈದು ದಿನಕ್ಕೆ ಅವರ ಸೊಸೆ ಆ ಹಾಳೆ ಹಿಡಿದುಕೊಂಡು ಬಂದು “ಮೇಡಂ, ಮಾವನೂ ಸುಸ್ತು, ನಾನೂ ಸುಸ್ತು, ಮನೆ ಶಾಲೆಯಾಗಿಬಿಟ್ಟಿದೆ” ಎಂದರು. ಡಿಮೆನ್ಷಿಯಾ ಇರುವವರಿಗೆ ಸಾಮಾನ್ಯ ಮಾತುಕತೆಯೂ ದಣಿವು ತರುತ್ತದೆ, ನಾವು ಯೋಚಿಸದೆ ಮಾಡುವುದನ್ನು ಅವರು ಪ್ರಯಾಸಪಟ್ಟು ಮಾಡುತ್ತಿರುತ್ತಾರೆ. ಈಗ ನಾನು ಹೇಳುವುದು ದಿನಕ್ಕೆ ಎರಡು ಸಂಗತಿ. ಒಂದು ಕೈಕಾಲಿಗೆ, ಒಂದು ಮನಸ್ಸಿಗೋ ಒಡನಾಟಕ್ಕೋ. ಎರಡೂ ದಿನಾಲೂ ಹೆಚ್ಚುಕಮ್ಮಿ ಅದದೇ ಹೊತ್ತಿಗೆ, ಅವರು ಗೆಲುವಾಗಿರುವ ಹೊತ್ತಿಗೆ. ಹೆಚ್ಚಿನವರಿಗೆ ಅದು ಬೆಳಗಿನ ಹೊತ್ತು. ನಿಮ್ಮ ತಂದೆಗೆ ಯಾವಾಗ ಎಂದು ಒಂದು ವಾರ ಗಮನಿಸಿದರೆ ನಿಮಗೇ ಗೊತ್ತಾಗುತ್ತದೆ. ಉಳಿದ ಹೊತ್ತಿನಲ್ಲಿ ಟೀವಿ ನೋಡಿದರೆ ನೋಡಲಿ.

ಕೈಕಾಲಿನ ಲೆಕ್ಕಕ್ಕೆ ನಡಿಗೆ ಸಾಕು. 65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಉಸಿರು ಹೆಚ್ಚಾಗುವಂಥ ಚಟುವಟಿಕೆ ಮಾಡಬೇಕು, ವಾರದಲ್ಲಿ ಮೂರು ದಿನ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮವೂ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹತ್ತು ನಿಮಿಷದಿಂದ ಆರಂಭಿಸಿ. ದಿನವೂ ಒಂದೇ ದಾರಿ ಇರಲಿ, ಕಾಲಿಗೂ ರೂಢಿ ಇರುತ್ತದೆ. ಒಬ್ಬರೇ ಹೋಗುವವರಾದರೆ ಜೇಬಿನಲ್ಲಿ ಹೆಸರು, ಮನೆಯ ಫೋನ್ ನಂಬರು ಇರುವ ಚೀಟಿ ಇರಲಿ, ಫೋನಿನಲ್ಲಿ ಲೊಕೇಶನ್ ಹಂಚಿಕೆ ಅವರಿಗೆ ತಿಳಿಸಿಯೇ ಆನ್ ಮಾಡಿ.

ಇನ್ನು ಗೆಳೆಯರು. ನನ್ನ ಮಟ್ಟಿಗೆ ನಿಮ್ಮ ಪತ್ರದ ಮುಖ್ಯ ಸಾಲು “ಗೆಳೆಯರಿಗೆ ವಿಷಯ ತಿಳಿಸಿಲ್ಲ” ಎಂಬುದು. ನಿಮ್ಮ ತಂದೆ ಇಸ್ಪೀಟು ಬಿಟ್ಟದ್ದು ಬೇಸರದಿಂದ ಎಂದು ನನಗನ್ನಿಸುವುದಿಲ್ಲ. ಯಾವ ಎಲೆ ಬಿದ್ದಿದೆ ಎಂದು ನೆನಪಿಡಲಾಗದೆ ಒಂದೆರಡು ಸಲ ತಪ್ಪಾಗಿರಬೇಕು. ಯಾರೋ ನಕ್ಕಿರಬೇಕು, ಇಲ್ಲವೇ “ಏನಯ್ಯಾ, ಎಲ್ಲಿದೆ ಗಮನ?” ಎಂದಿರಬೇಕು. ಕಾರಣ ಗೊತ್ತಿಲ್ಲದವರು ಹಾಗೆಯೇ ಅನ್ನುವುದು. ಮಾತು ನಾಲ್ಕು ಜನರ ನಡುವೆ ಓಡುತ್ತಿರುವಾಗ ಹೆಸರು ನೆನಪಾಗದೆ, ತುದಿನಾಲಿಗೆಯ ಪದ ಸಿಗದೆ, ಸಿಗುವಷ್ಟರಲ್ಲಿ ವಿಷಯವೇ ಬದಲಾಗಿ ಹೋದರೆ ಯಾರಾದರೂ ಮನೆಯಲ್ಲೇ ಕೂರುತ್ತಾರೆ. ಗೆಳೆಯರೂ ಅಷ್ಟೇ, “ಅವನಿಗೆ ನಾವು ಬೇಡವಾದೆವು” ಎಂದುಕೊಂಡು ದೂರ ಸರಿಯುತ್ತಾರೆ. ಎರಡೂ ಕಡೆಯವರು ಮರ್ಯಾದೆಗೆ ಸುಮ್ಮನಿದ್ದು ಮೂವತ್ತು ವರ್ಷದ ಸ್ನೇಹ ಒಂದೇ ವರ್ಷದಲ್ಲಿ ಮುಗಿದುಹೋಗುವುದನ್ನು ನಾನು ಬಹಳ ನೋಡಿದ್ದೇನೆ.

ಹೇಳಬೇಕೋ ಬೇಡವೋ ಎಂಬ ತೀರ್ಮಾನ ಮೊದಲು ನಿಮ್ಮ ತಂದೆಯದು. ಅವರನ್ನು ಬಿಟ್ಟು ನೀವೇ ಫೋನ್ ಮಾಡಬೇಡಿ. ಕೂತು ಕೇಳಿ: ಯಾರಿಗೆ ಹೇಳಿದರೆ ಪರವಾಗಿಲ್ಲ, ನೀವೇ ಹೇಳುತ್ತೀರಾ, ನಾನು ಹೇಳಲಾ? ಎಲ್ಲರಿಗೂ ಸಾರಬೇಕಿಲ್ಲ, ಅವರು ನಂಬುವ ಒಬ್ಬ ಗೆಳೆಯ ಸಾಕು. ಅವರಿಗೆ ಹೇಳುವ ಮಾತೂ ಉದ್ದ ಬೇಡ. “ಅಪ್ಪನಿಗೆ ನೆನಪಿನ ತೊಂದರೆ ಶುರುವಾಗಿದೆ. ಹೆಸರು, ಲೆಕ್ಕ ತಪ್ಪುತ್ತದೆ. ನಿಮ್ಮ ಜೊತೆ ಕೂರುವುದು ಅವರಿಗೆ ಇಷ್ಟ. ಎಂಟು ಜನರಿದ್ದರೆ ಕಷ್ಟ, ಮೂವರಿದ್ದರೆ ಆರಾಮು. ನೀವೇ ಬಂದು ಕರೆದುಕೊಂಡು ಹೋದರೆ ಒಳ್ಳೆಯದು.” ಇಷ್ಟೇ. ಕೊನೆಯ ವಾಕ್ಯ ಮರೆಯಬೇಡಿ. “ಬಾ ಒಂದಿನ” ಎಂದರೆ ಮತ್ತೆ “ಆಮೇಲೆ” ಬರುತ್ತದೆ. “ಐದು ಗಂಟೆಗೆ ಬಾಗಿಲಲ್ಲಿ ಇರ್ತೀನಿ” ಎಂದರೆ ಶುರು ಮಾಡುವ ಭಾರವನ್ನು ಗೆಳೆಯ ಹೊತ್ತಂತಾಯಿತು.

ಆಟವನ್ನೂ ಸ್ವಲ್ಪ ಸಡಿಲಿಸಬಹುದು. ಬಿದ್ದ ಎಲೆಗಳೆಲ್ಲ ಮೇಜಿನ ಮೇಲೆ ತೆರೆದೇ ಇರುವ ಆಟ ಆರಿಸಿಕೊಳ್ಳಿ, ಅಥವಾ ಜೋಡಿಯಾಗಿ ಇಬ್ಬರು ಒಂದೇ ಕೈ ಆಡಲಿ. ಅಂಕ ಬರೆಯುವುದು ಬೇರೆಯವರು ನೋಡಿಕೊಳ್ಳಲಿ, ಎಲೆ ಕಲೆಸುವುದು, ಹಂಚುವುದು ನಿಮ್ಮ ತಂದೆಗಿರಲಿ. ಅದು ಕೈ ಬಲ್ಲ ಕೆಲಸ. ಒಂದು ಗಂಟೆಗೆ ಮುಗಿಸಿ, ಇನ್ನೂ ಸ್ವಲ್ಪ ಆಡೋಣ ಅನ್ನಿಸುತ್ತಿರುವಾಗಲೇ.

ಮನೆಗೆ ಬರುವ ನೆಂಟರಿಗೆ ಒಂದು ಚಟವಿದೆ, ಅದನ್ನು ಬಾಗಿಲಲ್ಲೇ ತಡೆಯಿರಿ: “ನಾನ್ಯಾರು ಹೇಳಿ ನೋಡೋಣ, ಗುರುತು ಸಿಕ್ತಾ?” ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಅದು ಪರೀಕ್ಷೆ. ಗೊತ್ತಾಗದಿದ್ದರೆ ಎಲ್ಲರ ಮುಂದೆ ಫೇಲು. ಬಂದವರು ತಮ್ಮ ಹೆಸರನ್ನೂ ಸಂಬಂಧವನ್ನೂ ತಾವೇ ಹೇಳಿಕೊಂಡು ಕೂರಲಿ. ಹಾಗೆಯೇ ನಿನ್ನೆ ಏನು ಮಾಡಿದಿರಿ ಎಂದು ಕೇಳುವುದಕ್ಕಿಂತ ಕೈಯಲ್ಲಿ ಒಂದು ಹಳೇ ಫೋಟೊ, ಒಂದು ವಸ್ತು ಹಿಡಿದು ಮಾತು ತೆಗೆದರೆ ಮಾತು ಹರಿಯುತ್ತದೆ. ಕಥೆ ಹೇಳುವಾಗ ಇಸವಿ ತಪ್ಪಿದರೆ ತಪ್ಪಲಿ, ನೀವು ನಡುವೆ ಬಾಯಿ ಹಾಕಿ ತಿದ್ದಬೇಡಿ.

ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಗುಂಪಿನಿಂದ ಹಿಂದೆ ಸರಿಯುವವರಲ್ಲಿ ಎಷ್ಟೋ ಜನರಿಗೆ ಮಾತೇ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಮನೆಯವರು ಅದನ್ನೂ ಡಿಮೆನ್ಷಿಯಾ ಖಾತೆಗೆ ಹಾಕುತ್ತಾರೆ. 2024ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಪಟ್ಟಿ ಮಾಡಿದ, ಡಿಮೆನ್ಷಿಯಾಕ್ಕೆ ದಾರಿ ಮಾಡುವ ಹದಿನಾಲ್ಕು ತಡೆಯಬಹುದಾದ ಅಂಶಗಳಲ್ಲಿ ಕಿವುಡುತನ, ಕಣ್ಣಿನ ದೋಷ, ಒಂಟಿತನ, ಖಿನ್ನತೆ, ದೇಹಕ್ಕೆ ಶ್ರಮವಿಲ್ಲದಿರುವುದು ಎಲ್ಲವೂ ಇವೆ. ಆಗಲೇ ಡಿಮೆನ್ಷಿಯಾ ಬಂದವರಿಗೂ ಕೇಳಿಸದೆ, ಕಾಣಿಸದೆ ಒಡನಾಟ ಸಾಧ್ಯವಿಲ್ಲ. ಇಸ್ಪೀಟು ಆಡುವ ಕೋಣೆಯಲ್ಲಿ ಟೀವಿ ಆಫ್ ಇರಲಿ.

ಖಿನ್ನತೆಯ ಬಗ್ಗೆಯೂ ಒಂದು ಮಾತು. ಅಪಥಿ ಇರುವವರಿಗೆ ಸಾಮಾನ್ಯವಾಗಿ ದುಃಖವೇನೂ ಇರುವುದಿಲ್ಲ, ಕೂತಲ್ಲೇ ನೆಮ್ಮದಿಯಾಗಿರುತ್ತಾರೆ. ನಿಮ್ಮ ತಂದೆ ಅಳುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, “ನಾನಿದ್ದು ಏನು ಪ್ರಯೋಜನ” ಎಂಬ ಮಾತು ಬರುತ್ತಿದ್ದರೆ ಅದು ಬೇರೆ ವಿಷಯ, ಅದಕ್ಕೆ ಚಿಕಿತ್ಸೆ ಇದೆ, ತಡ ಮಾಡದೆ ವೈದ್ಯರಿಗೆ ಹೇಳಿ. ನಿನ್ನೆಯವರೆಗೆ ಸರಿಯಿದ್ದವರು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಮಂಕಾದರೂ ಅಷ್ಟೇ. ಅದು ಮೂತ್ರದ ಸೋಂಕೋ ಹೊಸ ಮಾತ್ರೆಯ ಪರಿಣಾಮವೋ ಇರಬಹುದು.

ಹಳೇ ಗೆಳೆಯರಷ್ಟೇ ಅಲ್ಲದೆ, ಇದೇ ಸ್ಥಿತಿಯಲ್ಲಿರುವ ಇತರರ ಜೊತೆ ಕೂರುವುದರಿಂದಲೂ ಪ್ರಯೋಜನವಿದೆ. 1997ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಮೀಸೆನ್ ಎಂಬ ಮನಶ್ಶಾಸ್ತ್ರಜ್ಞರು ‘ಅಲ್ಜೈಮರ್ ಕೆಫೆ’ ಆರಂಭಿಸಿದರು. ರೋಗವಿರುವವರು, ಮನೆಯವರು, ವೈದ್ಯರು ಆಸ್ಪತ್ರೆಯ ಹೊರಗೆ ಒಟ್ಟಿಗೆ ಕೂತು ಮಾತಾಡುವ ಜಾಗ ಅದು. ಆ ಮಾದರಿ ಈಗ ಹಲವು ದೇಶಗಳಲ್ಲಿದೆ. ಇನ್ನೊಂದು, ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ ಎಂಬ ಗುಂಪು ಚಟುವಟಿಕೆ. ಐದಾರು ಜನ ವಾರಕ್ಕೆರಡು ಸಲ, ಸುಮಾರು 45 ನಿಮಿಷ, ಏಳು ವಾರ ಸೇರಿ ಒಟ್ಟು 14 ಕೂಟ. ಹಾಡು, ಸುದ್ದಿ, ಪದಗಳ ಆಟ, ಬಾಲ್ಯದ ನೆನಪು ಹೀಗೆ ದಿನಕ್ಕೊಂದು ವಿಷಯ. ಸರಿ ತಪ್ಪಿಗಿಂತ ಅಭಿಪ್ರಾಯ ಕೇಳುವುದು ಅದರ ಕ್ರಮ. ಬ್ರಿಟನ್ನಿನಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ಆಲೋಚನಾ ಶಕ್ತಿಯೂ ಜೀವನದ ಗುಣಮಟ್ಟವೂ ಸುಧಾರಿಸಿದ್ದು ಕಂಡುಬಂತು. ನಿಮ್ಮ ನರರೋಗ ತಜ್ಞರನ್ನು ಈ ಹೆಸರು ಹಿಡಿದು ಕೇಳಿ. ನೀವು ಕೇಳದೆ ಅವರಾಗಿ ಹೇಳುವುದು ಕಡಿಮೆ, ಔಷಧಿ ಬರೆಯುವುದರಲ್ಲೇ ಅವರ ಹೊತ್ತು ಮುಗಿದಿರುತ್ತದೆ.

“ಕರೆದುಕೊಂಡು ಹೋದರೂ ಮಾರನೇ ದಿನಕ್ಕೆ ಮರೆತಿರುತ್ತಾರೆ, ಇಷ್ಟೆಲ್ಲ ಯಾಕೆ?” ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಕೇಳುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಜೈಮರ್ ಇರುವವರಿಗೆ ಕೆಲವು ದುಃಖದ, ಕೆಲವು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ನೋಡಿದ್ದು ಬಹುಪಾಲು ಮರೆತುಹೋಗಿತ್ತು. ಆದರೆ ಅದು ತಂದ ದುಃಖ, ಸಂತೋಷ ಇನ್ನೂ ಉಳಿದಿತ್ತು. ಇಸ್ಪೀಟಿಗೆ ಹೋಗಿಬಂದ ಸಂಜೆ ನಿಮ್ಮ ತಂದೆಗೆ ಯಾರು ಗೆದ್ದರೆಂದು ನೆನಪಿಲ್ಲದಿರಬಹುದು, ಮುಖದಲ್ಲಿನ ಗೆಲುವು ಇರುತ್ತದೆ. ಇದರ ತಿರುಗುಮುರುಗೂ ನಿಜ: ಬೆಳಿಗ್ಗೆ ಯಾರೋ ರೇಗಿದ್ದು ಮರೆತರೂ ಮಧ್ಯಾಹ್ನದವರೆಗೆ ಮನಸ್ಸು ಮುದುಡಿಯೇ ಇರುತ್ತದೆ.

ಒತ್ತಾಯ ಮಾಡಬಹುದೇ ಎಂದು ಕೇಳಿದ್ದೀರಿ. ಒತ್ತಾಯವೂ ಬೇಡ, ಅವರು ಬೇಡ ಎಂದ ತಕ್ಷಣ ಬಿಟ್ಟುಬಿಡುವುದೂ ಬೇಡ. ಚಪ್ಪಲಿ ಮುಂದಿಟ್ಟು, ನೀವೂ ಹಾಕಿಕೊಂಡು, “ನಡೀರಿ, ತಿರುವಿನವರೆಗೆ ಹೋಗಿ ಬರೋಣ” ಎನ್ನಿ. ಬೇಡ ಎಂದರೆ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಎರಡನೇ ಸಲವೂ ಬೇಡ ಎಂದರೆ ಆ ದಿನಕ್ಕೆ ಬಿಡಿ, ವಾದ ಹೂಡಬೇಡಿ. ಬೇಡ ಎನ್ನುವ ಹಕ್ಕು ಅವರಿಗಿದೆ, ಮೊದಲಿನಿಂದಲೂ ಗುಂಪು ಇಷ್ಟಪಡದವರನ್ನು ಡಿಮೆನ್ಷಿಯಾ ಬಂತೆಂದು ಗುಂಪಿಗೆ ತಳ್ಳುವುದೂ ಸರಿಯಲ್ಲ. ನಿಮ್ಮ ತಂದೆ ಹಾಗಿರಲಿಲ್ಲ ಎಂಬುದಕ್ಕೆ ಆ ಇಸ್ಪೀಟಿನ ಸಂಜೆಗಳೇ ಸಾಕ್ಷಿ.

ಹಗಲಿಡೀ ಅವರ ಜೊತೆ ಯಾರಿರುತ್ತಾರೆಂದು ನೀವು ಬರೆದಿಲ್ಲ. ನಿಮ್ಮ ತಾಯಿಯಾಗಿದ್ದರೆ, ಗೆಳೆಯರು ಅವರನ್ನು ಕರೆದುಕೊಂಡು ಹೋದ ಆ ಒಂದೆರಡು ಗಂಟೆ ತಾಯಿಯದ್ದು. ಆ ಹೊತ್ತಿಗೆ ಮನೆಗೆಲಸ ಜೋಡಿಸಬೇಡಿ.

ಈ ವಾರಕ್ಕೆ ಎರಡೇ ಕೆಲಸ ಇಟ್ಟುಕೊಳ್ಳಿ: ಗೆಳೆಯರ ವಿಷಯ ಅಪ್ಪನ ಜೊತೆ ಮಾತಾಡುವುದು, ಪೆಟ್ಟಿಗೆ ಕೆಳಗಿಳಿಸುವುದು. ಮೊದಲ ದಿನ ಅವರು ರೇಡಿಯೊ ಮುಚ್ಚಳ ಬಿಚ್ಚಿ, ಒಳಗೆ ಒಮ್ಮೆ ಊದಿ, ಮತ್ತೆ ಮುಚ್ಚಿಟ್ಟು ಟೀವಿ ಕಡೆಗೇ ಹೋಗಬಹುದು. ಪೆಟ್ಟಿಗೆ ಎತ್ತಿಡಬೇಡಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ಮೇಜಿನ ಮೇಲೆ, ಒಂದು ಸ್ಕ್ರೂ ಅರ್ಧ ಸಡಿಲವಾಗಿ ಇರಲಿ.